ನೂರನೆಯ ಕೊಡ

ನಮ್ಮೂರಲ್ಲಿ ಕೊನೆಕಟ್ಟೆಯ ತೀರ್ಪು ಕೇಳಲು ಯಾರೂ ಕೊನೆಕಟ್ಟೆಯವರೆಗೆ ಹೋಗಬೇಕಾಗಿಲ್ಲ. ಅಲ್ಲಿ ಕೂತವರು ಅಲ್ಲಿ ಓದುತ್ತಾರೆ, ಇಲ್ಲಿ ನಮ್ಮ ನೀರಿನ ಕೊಡಗಳಲ್ಲಿ ಕೇಳುತ್ತದೆ. ತಾಮ್ರದ ಕೊಡವೇ ಆಗಬೇಕು. ಸ್ಟೀಲಿನದರಲ್ಲಿ ಬರೀ ಗೊರಗೊರ ಸದ್ದು, ಮಣ್ಣಿನದರಲ್ಲಿ ಏನೂ ಇಲ್ಲ. ಮಗು ಮಲಗಿದ್ದರೆ ಹೆಂಗಸರು ಕೊಡದ ಬಾಯಿಗೆ ಬಟ್ಟೆ ತುರುಕುತ್ತಾರೆ. ಗಂಡ ಹೆಂಡತಿ ಜಗಳದ ಮಧ್ಯೆ ತೀರ್ಪು ಶುರುವಾದರೆ ಇಬ್ಬರೂ ಬಾಯಿ ಮುಚ್ಚಿ ಕೇಳಿ, ಮುಗಿದ ಮೇಲೆ ಬಿಟ್ಟಲ್ಲಿಂದ ಹಿಡಿದುಕೊಳ್ಳುತ್ತಾರೆ. ನಾನು ಪಾತ್ರೆ ರಿಪೇರಿಯವನು, ಹೆಸರು ಚೆಲುವಯ್ಯ. ಕಲಾಯಿ ಹಾಕುತ್ತೇನೆ, ತೂತು ಮುಚ್ಚುತ್ತೇನೆ, ನೆಗ್ಗು ತೆಗೆಯುತ್ತೇನೆ. ಕೆಳಬೀದಿಯ ನೂರೈವತ್ತು ಮನೆಗಳಲ್ಲಿ ನನ್ನ ಸುತ್ತಿಗೆಯ ಏಟು ತಿನ್ನದ ಕೊಡ ಎಂದರೆ ಬೆರಳೆಣಿಕೆಯಷ್ಟು. ಅದಕ್ಕೇ ಎಣಿಕೆಯ ಕೆಲಸ ನನ್ನ ಕೊರಳಿಗೆ ಬಿತ್ತು. ಬೇಡ ಅಂದಿದ್ದರೆ ಬಿಡುತ್ತಿದ್ದರು. ಎಣಿಕೆಯವನು ಬಂದರೆ ಜನ ದಾರಿ ಬಿಟ್ಟು ನಿಲ್ಲುತ್ತಾರಲ್ಲ, ಆ ಆಸೆಗೆ ಅನ್ನಲಿಲ್ಲ.

ಕೊನೆಕಟ್ಟೆ ಅಂದರೆ ಅದರಾಚೆಗೆ ದೂರು ಒಯ್ಯಲು ಇನ್ನೊಂದು ಕಟ್ಟೆ ಇಲ್ಲ. ಅಲ್ಲಿ ಏಳು ಜನ ನ್ಯಾಯಾಧೀಶರು. ಒಬ್ಬರು ವಯಸ್ಸಾಗಿ ಇಳಿದರೆ ಉಳಿದ ಆರು ಜನ ಬಾಗಿಲು ಹಾಕಿಕೊಂಡು ಕೂತು, ಒಂದು ಹೆಸರು ಬರೆದು ಊರಿನ ಅಧ್ಯಕ್ಷರಿಗೆ ಕಳಿಸುತ್ತಾರೆ. ಅಧ್ಯಕ್ಷರಿಗೆ ಹಿಡಿಸದಿದ್ದರೆ ಒಂದು ಸಲ ವಾಪಸ್ ಕಳಿಸಬಹುದು. ಅದೇ ಹೆಸರು ಎರಡನೇ ಸಲ ಬಂದರೆ ಸಹಿ ಹಾಕಲೇಬೇಕು. ಇದರಲ್ಲೆಲ್ಲ ನಮ್ಮನ್ನು ಕೇಳುವವರಿಲ್ಲ. ಏರಿಸುವುದು ಅವರ ಕೈಲಿ. ಇಳಿಸುವುದು ಮಾತ್ರ ನಮ್ಮ ಕೈಲಿ. ಒಬ್ಬ ನ್ಯಾಯಾಧೀಶರನ್ನು ಇಳಿಸಬೇಕಾದರೆ ಮೇಲುಬೀದಿ, ಕೆಳಬೀದಿ ಎರಡರಲ್ಲೂ ಮೂರರಲ್ಲಿ ಎರಡು ಪಾಲು ಮನೆಯವರು ತಮ್ಮ ಕೊಡವನ್ನು ಜಗಲಿಯ ಮೇಲೆ ಬೋರಲು ಹಾಕಬೇಕು. ಸೂರ್ಯ ಹುಟ್ಟಿದಾಗಿನಿಂದ ಮಧ್ಯಾಹ್ನದ ಸೈರನ್ ಕೂಗುವವರೆಗೆ ಹೊತ್ತು. ಯಾಕೆ ಹಾಕಿದೆ ಅಂತ ಯಾರೂ ಯಾರನ್ನೂ ಕೇಳುವಂತಿಲ್ಲ. ಎಣಿಸುವವನಂತೂ ಬಾಯಿ ಬಿಡುವಂತೆಯೇ ಇಲ್ಲ. ನಮ್ಮಪ್ಪನ ಕಾಲದಲ್ಲಿ ಒಮ್ಮೆ ಎಣಿಕೆ ನಡೆದು ಕೆಳಬೀದಿಯಲ್ಲಿ ಹನ್ನೊಂದೇ ಕೊಡ ಬೋರಲಾಗಿದ್ದವಂತೆ. ಆ ಹನ್ನೊಂದು ಮನೆಯವರು ಆಮೇಲೆ ಎಷ್ಟೋ ದಿನ ತಲೆ ಬಗ್ಗಿಸಿಕೊಂಡು ಓಡಾಡಿದರಂತೆ.

ದೇವೀರಮ್ಮನವರ ಹೆಸರನ್ನು ಅಧ್ಯಕ್ಷರು ವಾಪಸ್ ಕಳಿಸಿದ್ದರು. ಆರೂ ಜನ ಅದೇ ಹೆಸರನ್ನು ಮತ್ತೆ ಬರೆದು ಕಳಿಸಿದರು. ಅಧ್ಯಕ್ಷರು ಹಲ್ಲು ಕಚ್ಚಿಕೊಂಡು ಸಹಿ ಹಾಕಿದರು. ದೇವೀರಮ್ಮನವರು ಮೊದಲ ದಿನ ತೀರ್ಪು ಓದಿದಾಗ ನಮ್ಮ ಕೊಡದಲ್ಲಿ ಮೊದಲು ಕೇಳಿದ್ದು ಕೆಮ್ಮು. “ಅಯ್ಯೋ, ಪಾಪ, ಶುಂಠಿ ಕಷಾಯ ಕುಡೀಬಾರ್ದಾ?” ಅಂದಳು ನನ್ನ ಹೆಂಡತಿ ಕೆಂಪಾಜಿ, ಕೊಡದೊಳಕ್ಕೆ ಬಗ್ಗಿ, ಅವರಿಗೇ ಹೇಳುವ ಹಾಗೆ. ಆಮೇಲೆ ಆ ಕೆಮ್ಮು ನಮಗೆಲ್ಲ ರೂಢಿಯಾಯಿತು. ಕೆಮ್ಮು ಕೇಳಿದ ತಕ್ಷಣ ಒಲೆ ಮುಂದಿನವರು ಒಲೆ ಬಿಟ್ಟು ಬಂದು ಕೂರುತ್ತಿದ್ದರು. ಅವರ ಮಾತು ಎಲ್ಲರಿಗೂ ಅರ್ಥವಾಗುವ ಮಾತಾಗಿತ್ತು, ಅದಂತೂ ಸತ್ಯ.

ನಮಗೂ ಅವರಿಗೂ ಕೆಟ್ಟಿದ್ದು ಕೆರೆಯ ಏರಿಯ ಆಚೆಗಿನ ಬಯಲಿನಿಂದ. ಅಲ್ಲಿ ಚಾಪೆ ಹೆಣೆಯುವವರ ನಲವತ್ತು ಗುಡಿಸಲುಗಳಿವೆ. ಮಣ್ಣಿನ ಮಡಕೆಯವರು, ಹಾಗಾಗಿ ಅವರಿಗೆ ತೀರ್ಪೂ ಕೇಳುವುದಿಲ್ಲ, ಎಣಿಕೆಯೂ ಇಲ್ಲ. ತಿಳಿಯಬೇಕೆಂದರೆ ಯಾರದಾದರೂ ಜಗಲಿ ಕೆಳಗೆ ನಿಂತು ಕೇಳಿಕೊಂಡು ಹೋಗುತ್ತಾರೆ. ಅಧ್ಯಕ್ಷರು ಆ ಬಯಲನ್ನು ಸೈಟು ಮಾಡಿ ಎರಡೂ ಬೀದಿಯವರಿಗೆ ಹಂಚಿದರು. ನನ್ನ ಮಗಳು ಚಿನ್ನತಾಯಿಗೂ ಒಂದು ಬಂತು. ಅವಳು, ಗಂಡ, ಎರಡು ಮಕ್ಕಳು ನಾಲ್ಕು ವರ್ಷದಿಂದ ಸೌದೆ ಡಿಪೋ ಹಿಂದಿನ ಒಂದೇ ಕೋಣೆಯಲ್ಲಿದ್ದರು. ಮಳೆ ಬಂದರೆ ಮಕ್ಕಳನ್ನು ಮಂಚದ ಮೇಲೆ ಹತ್ತಿಸಿ ತಾವು ನಿಂತೇ ರಾತ್ರಿ ಕಳೆಯುತ್ತಿದ್ದರು. ಪಾಯ ತೆಗೆದು, ಗೋಡೆ ಸೊಂಟದ ಮಟ್ಟಕ್ಕೆ ಬಂದು, ಬಾಗಿಲು ನಿಲ್ಲಿಸುವ ದಿನ ಬಂತು. ಚೌಕಟ್ಟಿಗೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯಬೇಕು, ಅಷ್ಟರಲ್ಲಿ ಪೂಜೆಗೆ ತಂದಿಟ್ಟ ಕೊಡದಲ್ಲಿ ಕೆಮ್ಮು ಕೇಳಿಸಿತು. ಮೂವತ್ತು ವರ್ಷದಿಂದ ಬಾಳುತ್ತಿರುವವರನ್ನು ಎಬ್ಬಿಸಿ ಆ ನೆಲವನ್ನು ಇನ್ನೊಬ್ಬರಿಗೆ ಕೊಡುವ ಅಧಿಕಾರ ಅಧ್ಯಕ್ಷರಿಗೆ ಇಲ್ಲ ಅಂತ ದೇವೀರಮ್ಮ ಓದಿದರು. ಮೂವರು ಹೌದು, ಮೂವರು ಅಲ್ಲ ಅಂದಿದ್ದರು. ನಾಲ್ಕನೆಯ ಮಾತು ಅವರದು. ಚಿನ್ನತಾಯಿ ಕಾಯಿಯನ್ನು ಒಡೆಯದೆ ಹಾಗೇ ಮಡಿಲಲ್ಲಿಟ್ಟುಕೊಂಡು ಕೂತಳು. ಆವತ್ತು ನಾನು ದೇವೀರಮ್ಮನಿಗೆ ಶಾಪ ಹಾಕಿದೆ. ಬಾಯ್ತುಂಬ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ತೀರ್ಪು ಹಿಡಿಸಲಿಲ್ಲ ಅಂತ ಯಾರನ್ನೂ ಇಳಿಸುವ ಹಾಗಿಲ್ಲ. ಲಂಚ ತಿಂದಿರಬೇಕು, ಇಲ್ಲವೇ ಕೆಲಸಕ್ಕೆ ಆಗದವರಾಗಿರಬೇಕು. ಆಯಮ್ಮ ಯಾರ ಮನೆಯ ಕಾಫಿಯನ್ನೂ ಕುಡಿದವರಲ್ಲ. ಅದಕ್ಕೆ ಅಧ್ಯಕ್ಷರ ಕಡೆಯವರು ಅರ್ಜಿಯಲ್ಲಿ ಕೆಮ್ಮು ಅಂತ ಬರೆದರು. ಕೆಮ್ಮಿನಿಂದಾಗಿ ತೀರ್ಪು ಸರಿಯಾಗಿ ಕೇಳಿಸುವುದಿಲ್ಲವಂತೆ! ಓದಿ ನಗದವರಿಲ್ಲ. ನಕ್ಕವರೆಲ್ಲ ಹೆಬ್ಬೆಟ್ಟು ಒತ್ತಿದರು. ದೇವೀರಮ್ಮ ಹೋಗಿ ಅವರ ಪೀಠಕ್ಕೆ ಅಧ್ಯಕ್ಷರಿಗೆ ಬೇಕಾದವರು ಬಂದರೆ ಸೈಟು ವಾಪಸ್ ಸಿಗುತ್ತದೆ ಅಂತ ಚಿಕ್ಕ ಮಕ್ಕಳಿಗೂ ಗೊತ್ತಿತ್ತು.

ಎಣಿಕೆಯ ದಿನ ಬೆಳಗ್ಗೆ ನಮ್ಮ ಮನೆಯ ಕೊಡವನ್ನು ನಾನೇ ಹೊರಗೆ ತಂದೆ. ಕೆಂಪಾಜಿ ಬಾಗಿಲಿಗೆ ಅಡ್ಡ ನಿಂತಳು.

“ಇಪ್ಪತ್ತೆಂಟು ವರ್ಷದಿಂದ ಆ ಕೊಡ ಸೊಂಟದ ಮೇಲೆ ಹೊತ್ತೋಳು ನಾನು. ನನ್ನ ಒಂದು ಮಾತು ಕೇಳಿದ್ರಾ?”

“ಮಗಳು ಬೀದೀಲಿ ನಿಂತವ್ಳೆ. ಇನ್ನೇನ್ ಕೇಳೋದು?”

“ಅವ್ಳನ್ನ ನಾನೂ ಹೆತ್ತಿದ್ದೀನಿ. ಏರಿಯಾಚೆಯೋರೂ ಮಕ್ಕಳನ್ನ ಹೆತ್ತವ್ರೆ ಅಂತ ಆಯಮ್ಮ ಹೇಳಿದ್ರು, ಅಷ್ಟೇ ತಾನೆ? ಅದ್ರಲ್ಲಿ ತಪ್ಪೇನೈತೆ?”

ತಪ್ಪಿಲ್ಲ ಅಂತ ನನಗೂ ಗೊತ್ತಿತ್ತು. ಗೊತ್ತಿದ್ದೇ ಬೋರಲು ಹಾಕಿದೆ. ಅವಳು ಒಳಗೆ ಹೋದಳು.

ಎಣಿಸಲು ಹೊರಟಾಗ ಅಧ್ಯಕ್ಷರ ಮನುಷ್ಯ ಬೋರಲಿಂಗ ಜೊತೆಗೆ ಬಂದ. ಸಾಕ್ಷಿಗೆ ಒಬ್ಬ ಇರಬೇಕು, ಪದ್ಧತಿ. ಮೇಲುಬೀದಿಯ ಸುದ್ದಿ ಆಗಲೇ ಬಂದಿತ್ತು. ಅರವತ್ತಕ್ಕೆ ನಲವತ್ತಾರು, ಬೇಕಾದ್ದಕ್ಕಿಂತ ಆರು ಜಾಸ್ತಿ. ಕೆಳಬೀದಿಯಲ್ಲಿ ನೂರು ಬೇಕು. ಜನ ಕಿಟಕಿಯ ಹಿಂದೆ ನಿಂತು ನನ್ನ ಕೈಯ ಪುಸ್ತಕವನ್ನು ನೋಡುತ್ತಿದ್ದರು. ಮೊದಮೊದಲು ಬೋರಲು ಕೊಡಗಳು ಸಾಲುಸಾಲಾಗಿ ಬಂದವು. ನಡುವೆ ಹೂವಿನವರ ಮನೆಗಳಲ್ಲಿ ಏಳೆಂಟು ಕೊಡ ನೆಟ್ಟಗೆ ಕೂತಿದ್ದವು, ಬೋರಲಿಂಗ ಮುಖ ಗಂಟಿಕ್ಕಿಕೊಂಡ. ನೂರ ನಲವತ್ತು ಮನೆ ಮುಗಿದಾಗ ತೊಂಬತ್ನಾಲ್ಕು. ನೂರ ನಲವತ್ತೈದಕ್ಕೆ ತೊಂಬತ್ತೇಳು. ನೂರ ನಲವತ್ತೊಂಬತ್ತಕ್ಕೆ ತೊಂಬತ್ತೊಂಬತ್ತು. ಉಳಿದದ್ದು ಮಂಚಮ್ಮನ ಮನೆ ಒಂದೇ, ಬೀದಿಯ ಕೊನೆಯದು.

ಮಂಚಮ್ಮನ ಗಂಡ ತೀರಿಕೊಂಡು ಅಂದಿಗೆ ಹನ್ನೊಂದನೆಯ ದಿನ. ಎಣಿಕೆಯ ದಿನ ಯಾರೂ ಕೊಡ ತೊಳೆಯಬಾರದು ಅಂತ ಊರಿಗೆಲ್ಲ ಗೊತ್ತು. ಹನ್ನೊಂದರ ದಿನ ಸೂತಕದ ಮನೆಯ ಪಾತ್ರೆ ಪಡಗವನ್ನೆಲ್ಲ ತೊಳೆಯಲೇಬೇಕು ಅಂತಲೂ ಊರಿಗೆಲ್ಲ ಗೊತ್ತು. ಎರಡೂ ಒಂದೇ ದಿನ ಬಂದರೆ ಏನು ಮಾಡಬೇಕು ಅಂತ ಯಾರೂ ಯೋಚಿಸಿರಲಿಲ್ಲ. ಬೇರೆ ಊರಿಂದ ಬಂದ ನೆಂಟರ ಹೆಂಗಸರು ಹುಣಸೆಹಣ್ಣು ಹಾಕಿ ತಿಕ್ಕಿ, ಚೆಂಬು, ತಪ್ಪಲೆ, ಪರಾತ, ಎಲ್ಲವನ್ನೂ ಜಗಲಿಯ ಉದ್ದಕ್ಕೂ ಮಗುಚಿ ಇಟ್ಟಿದ್ದರು. ಅವುಗಳ ನಡುವೆ ಕೊಡವೂ ಬೋರಲಾಗಿ ಕೂತಿತ್ತು. ಮೈಯಿಂದ ಇನ್ನೂ ನೀರಿಳಿಯುತ್ತಿತ್ತು. ಒಳಗಿನಿಂದ ಅಳುವ ದನಿ ಬರುತ್ತಿತ್ತು. ಆ ಮನೆಯಲ್ಲಿ ಅಂದು ಕೊನೆಕಟ್ಟೆಯ ನೆನಪು ಯಾರಿಗೂ ಇದ್ದ ಹಾಗೆ ಕಾಣಲಿಲ್ಲ.

“ಬೋರಲೈತೆ,” ಅಂದ ಬೋರಲಿಂಗ. “ನೂರು. ಬರ್ಕೊಳ್ಳಿ ಚೆಲುವಯ್ಯನೋರೆ.”

ನಾನು ಕೊಡದ ಮೈಮೇಲಿನ ಗೆರೆಗಳನ್ನು ನೋಡುತ್ತಿದ್ದೆ.

“ಏನ್ ನೋಡ್ತಿದ್ದೀರಿ? ಕೇಳಂಗಿಲ್ಲ, ಮುಟ್ಟಂಗಿಲ್ಲ, ಕಂಡದ್ದು ಬರೀಬೇಕು. ನಿಮ್ಗೆ ನಾನು ಹೇಳ್ಕೊಡ್ಬೇಕಾ? ಚಿನ್ನತಾಯಿ ಸೈಟು ಏರಿ ಪಕ್ಕದ್ದೇ ಅಲ್ವಾ? ಒಳ್ಳೆ ಜಾಗ.”

ಕೊಡ ಹೊರಗಿಡದ ಮನೆಯನ್ನು ನೆಟ್ಟಗಿನ ಲೆಕ್ಕಕ್ಕೆ ಹಾಕಬೇಕು ಅನ್ನುವುದು ಇನ್ನೊಂದು ನಿಯಮ. ಇದು ಇಟ್ಟ ಕೊಡವೋ, ಒಣಗಲು ಬಿಟ್ಟ ಕೊಡವೋ? ತಾಮ್ರದ ಮೇಲೆ ಹುಣಸೆಯ ನೀರು ಹರಿದ ಗೆರೆ ಕಂಡರೆ ಎಷ್ಟು ಹೊತ್ತಿಗೆ ತೊಳೆದದ್ದು ಅಂತ ಹೇಳಬಲ್ಲ ಕಸುಬು ನನ್ನದು. ಗೊತ್ತಿಲ್ಲ ಅನ್ನಲು ನನಗೆ ಬಾಯಿಯೇ ಇಲ್ಲ. ಆದರೂ ಕಣ್ಣಮುಂದೆ ಆ ಒಂದು ಕೋಣೆ ಬಂತು, ಮಂಚದ ಮೇಲೆ ಮುದುಡಿ ಕೂತ ಮೊಮ್ಮಕ್ಕಳು ಬಂದವು. ನೂರು ಅಂತ ಬರೆದೆ. ಬರೆಯುವಾಗ ಬೋರಲಿಂಗ ನನ್ನ ಭುಜದ ಮೇಲೆ ಕೈ ಇಟ್ಟಿದ್ದ.

ಕೊನೆಕಟ್ಟೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಎದೆಮಟ್ಟದ ಒಂದು ತಾಮ್ರದ ಹಂಡೆ. ಅದರ ಬಾಯಿಗೆ ಬಗ್ಗಿ ಆಡಿದ ಮಾತು ಊರಿನ ಅಷ್ಟೂ ಕೊಡಗಳಿಗೆ ಹೋಗುತ್ತದೆ. ಮೇಲೆ ಆರು ಜನ ಕೂತಿದ್ದರು. ಏಳನೆಯ ಪೀಠ ಖಾಲಿ. ದೇವೀರಮ್ಮನವರು ಕೆಳಗೆ, ದೂರುದಾರರು ಕೂರುವ ಮಣೆಯ ಮೇಲೆ ಕೂತಿದ್ದರು. ಅವರನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಸಣ್ಣ ಆಳು. ಕಾಲಿಗೆ ಹವಾಯಿ ಚಪ್ಪಲಿ. ಎಣಿಕೆಯ ಪುಸ್ತಕ ಓದಿದೆ. ಮೇಲುಬೀದಿ ನಲವತ್ತಾರು, ಕೆಳಬೀದಿ ನೂರು. ಅಧ್ಯಕ್ಷರು ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡರು.

ಹಿರಿಯ ನ್ಯಾಯಾಧೀಶರು ಪದ್ಧತಿಯ ಪ್ರಶ್ನೆ ಕೇಳಿದರು. “ಚೆಲುವಯ್ಯ, ಕಂಡದ್ದನ್ನೇ ಬರೆದಿದ್ದೀಯಾ?”

ಹೌದು ಅಂದರೆ ಮುಗಿಯಿತು. ಅದು ಸುಳ್ಳೂ ಅಲ್ಲ. ಹಂಡೆಗೆ ಬಗ್ಗಿದೆ. ಬಗ್ಗಿದವನು ಒಂದು ಸಲ ಆ ಕಡೆ ನೋಡಿಬಿಟ್ಟೆ. ದೇವೀರಮ್ಮನವರು ಸೆರಗನ್ನು ಉಂಡೆ ಮಾಡಿ ಬಾಯಿಗೆ ಒತ್ತಿಕೊಂಡಿದ್ದರು. ಕೆಮ್ಮು ತಡೆಯುತ್ತಿದ್ದರು. ನನ್ನ ಮಾತು ಊರಿಗೆ ಕೇಳುವಾಗ ನಡುವೆ ತಮ್ಮ ಕೆಮ್ಮು ಬರಬಾರದು ಅಂತ, ತಮ್ಮನ್ನು ಇಳಿಸುವ ಮಾತಿಗೂ ಅಡ್ಡಿಯಾಗಬಾರದು ಅಂತ. ಮುಖ ಕೆಂಪಾಗಿ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ತಡೆಯಲಾಗಲಿಲ್ಲ.

“ಕಂಡದ್ದನ್ನೇ ಬರ್ದಿದ್ದೀನಿ ಸ್ವಾಮಿ,” ಅಂದೆ. “ಕಂಡದ್ದನ್ನೆಲ್ಲ ಬರ್ದಿಲ್ಲ.”

ಅಂಗಳ ಗುಜುಗುಜು ಅಂದಿತು. ಮಂಚಮ್ಮನ ಜಗಲಿಯ ಮೇಲೆ ಕಂಡದ್ದನ್ನು ಒಂದೂ ಬಿಡದೆ ಹೇಳಿದೆ. ಹನ್ನೊಂದನೆಯ ದಿನ, ಪರಾತ, ತಪ್ಪಲೆ, ಹುಣಸೆಯ ಗೆರೆ, ಇಳಿಯುತ್ತಿದ್ದ ನೀರು. ಬೋರಲಿಂಗ “ಮೋಸ! ಮೋಸ!” ಅಂತ ಕೂಗಿದ. ನನ್ನ ಎದೆ ಹಗುರವಾಗಿತ್ತು. ಇನ್ನೇನು, ತೊಂಬತ್ತೊಂಬತ್ತು ಅಂತ ತಿದ್ದುತ್ತಾರೆ, ನಾನು ಮನೆಗೆ ಹೋಗಿ ಮಗಳ ಕಾಲು ಹಿಡಿದುಕೊಂಡರಾಯಿತು ಅಂದುಕೊಂಡೆ.

ಅಷ್ಟು ಸಲೀಸಾಗಿರಲಿಲ್ಲ. ಮಂಚಮ್ಮನನ್ನು ಕರೆದು ಕೇಳುವಂತಿಲ್ಲ, ಯಾವ ಮನೆಯನ್ನೂ ಕೇಳುವಂತಿಲ್ಲ. ಆರು ಜನ ಅಲ್ಲೇ, ಎಲ್ಲರಿಗೂ ಕೇಳುವಂತೆ ಮಾತಾಡಿದರು. ಬಯಲಿನ ತೀರ್ಪಿನಲ್ಲಿ ಅಧ್ಯಕ್ಷರ ಪರ ನಿಂತಿದ್ದ ಮೂವರು, ಕೊಡ ಬೋರಲಿತ್ತು, ಮನಸ್ಸನ್ನು ಎಣಿಸುವುದು ನಮ್ಮ ಕೆಲಸವಲ್ಲ ಅಂದರು. ಇನ್ನು ಮೂವರು, ಒಣಗಲು ಹಾಕಿದ ಪಾತ್ರೆಯನ್ನು ಜನರ ಮಾತು ಅನ್ನುವುದು ಅನ್ಯಾಯ ಅಂದರು. ಮೂರಕ್ಕೆ ಮೂರು. ಸಮ ಬಿದ್ದರೆ ಬರೆದ ಲೆಕ್ಕವೇ ನಿಲ್ಲುತ್ತದೆ.

ಹಿರಿಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. “ದೇವೀರಮ್ಮನವರೇ, ಎಣಿಕೆಯ ತಕರಾರು ಬಂದರೆ ಏಳೂ ಜನ ಹೇಳಬೇಕು ಅಂತಿದೆ. ನೀವು ಇನ್ನೂ ಇಳಿದಿಲ್ಲ. ಏಳನೆಯವರು ನೀವು. ನಿಮ್ಮದೇ ಎಣಿಕೆಯಾದರೆ ಸುಮ್ಮನಿರಬೇಕು ಅಂತ ಎಲ್ಲೂ ಬರೆದಿಲ್ಲ.”

ಅಧ್ಯಕ್ಷರು ಅರ್ಧ ಎದ್ದರು. ಒಂದು ಮಾತು ಸಾಕಿತ್ತು. ಹೇಳಿಬಿಡು ತಾಯಿ, ಹೇಳಿಬಿಡು ಅಂತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಬೆಳಗ್ಗೆ ಅವರ ವಿರುದ್ಧ ಕೊಡ ಬೋರಲು ಹಾಕಿದವನು ನಾನೇ. ಅವರು ಎದ್ದು ಬಂದು ಹಂಡೆಯ ಹತ್ತಿರ ನಿಂತರು. ತಡೆದಿಟ್ಟಿದ್ದ ಕೆಮ್ಮೆಲ್ಲ ಒಮ್ಮೆಗೇ ಬಂತು. ಕೆಮ್ಮಿ ಮುಗಿಯುವವರೆಗೆ ಇಡೀ ಊರು ಕಾಯಿತು.

“ಬರೆದಿಲ್ಲ, ನಿಜ,” ಅಂದರು. “ಬರೆಯೋ ಅಗತ್ಯ ಬರುತ್ತೆ ಅಂತ ಹಿಂದಿನೋರಿಗೆ ಅನ್ನಿಸಿರಲಿಲ್ಲ, ಅದಕ್ಕೇ ಬರೆದಿಲ್ಲ. ನನ್ನ ವಿಷಯಕ್ಕೆ ನಾನೇ ತೀರ್ಪು ಹೇಳೋದಿಲ್ಲ.”

“ಹಾಗಾದರೆ ನೀವು ಹೋಗಬೇಕಾಗುತ್ತದಮ್ಮ,” ಅಂದರು ಹಿರಿಯರು.

“ಗೊತ್ತು.” ಅವರು ನನ್ನ ಕಡೆ ತಿರುಗಿದರು. “ಚೆಲುವಯ್ಯನವರೇ, ಹೇಳಿದ್ದು ಒಳ್ಳೇದಾಯ್ತು.” ಅಷ್ಟೇ. ಕೈ ಮುಗಿದು, ಜನರ ನಡುವೆ ದಾರಿ ಮಾಡಿಕೊಂಡು ಹೊರಟುಹೋದರು. ಯಾರೂ ಜೈಕಾರ ಹಾಕಲಿಲ್ಲ, ಅಧ್ಯಕ್ಷರ ಕಡೆಯವರೂ ಹಾಕಲಿಲ್ಲ.

ನಾನು ಕೆಳಬೀದಿಗೆ ವಾಪಸ್ ಬರುವಾಗ ಸೈರನ್ ಕೂಗಿ ಬಹಳ ಹೊತ್ತಾಗಿತ್ತು. ಬೀದಿಯ ಮೊದಲ ಮನೆಯ ಹೆಂಗಸು ಜಗಲಿಗೆ ಬಂದು, ಅತ್ತಿತ್ತ ನೋಡದೆ, ಬೋರಲು ಕೊಡವನ್ನು ನೆಟ್ಟಗೆ ಇಟ್ಟು ಒಳಗೆ ಹೋದಳು. ಎದುರು ಮನೆಯವನೂ ಹಾಗೇ ಮಾಡಿದ. ಆಮೇಲೆ ಒಂದಾದ ಮೇಲೆ ಒಂದರಂತೆ ಬೀದಿಯುದ್ದಕ್ಕೂ ಕೊಡ ಎತ್ತಿಡುವ ಸದ್ದು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. “ಈಗ ಎತ್ತಿದ್ರೆ ಏನ್ ಬಂತು? ನೀರು ತುಂಬ್ಕೊಳ್ಳಿ,” ಅಂತ ಬೋರಲಿಂಗ ಹಿಂದಿನಿಂದ ನಗಾಡಿದ. ಮಂಚಮ್ಮನ ಕೊಡದಿಂದ ಹೀಗಾಯಿತು ಅಂತ ಇಬ್ಬರು ಮೂವರು ಅಂದದ್ದು ಕಿವಿಗೆ ಬಿತ್ತು. ನಮ್ಮ ಮನೆಯದೂ ಆ ನೂರರಲ್ಲಿ ಒಂದು. ಅದು ಒಣಗಲು ಹಾಕಿದ್ದಲ್ಲ.

ಚಿನ್ನತಾಯಿ ನಮ್ಮ ಜಗಲಿಯ ಮೇಲೆ ಕೂತಿದ್ದಳು. ಕೆಂಪಾಜಿ ಅವಳ ಪಕ್ಕದಲ್ಲಿದ್ದಳು.

“ಕೊಡ ಬೋರಲಿದ್ರೂ ಎಲ್ಲಾ ಕೇಳಿಸ್ತಪ್ಪ,” ಅಂದಳು ಮಗಳು. “ಜಾಗ ಸಿಗುತ್ತಾ?”

“ಸಿಗುತ್ತವ್ವ.”

“ಸಿಗದೇ ಇರ್ಲಿ ಅಂತ ತಾನೆ ನೀನು ಹಂಗ್ ಹೇಳಿದ್ದು?” ಅವಳು ಕೋಪದಲ್ಲಿ ಕೇಳಲಿಲ್ಲ. ಕೋಪದಲ್ಲಿ ಕೇಳಿದ್ದರೆ ಏನಾದರೂ ಹೇಳಬಹುದಿತ್ತು. ಅವಳಿಗೆ ಮನೆಯೂ ಬೇಕು, ನನ್ನ ಮಾತೂ ಸರಿ ಅನ್ನಿಸಿತ್ತು. ನನಗೆ ಅವಳ ಪಕ್ಕ ಕೂರಲು ಧೈರ್ಯ ಬರಲಿಲ್ಲ.

ಆಗ ಏರಿಯಾಚೆಯಿಂದ ಒಬ್ಬಳು ಮುದುಕಿ ಬಂದು ಜಗಲಿಯ ಕೆಳಗೆ ನಿಂತಳು. ಸೊಂಟದಲ್ಲಿ ಒಂದು ಕೂಸಿತ್ತು. ಕೈಬೆರಳುಗಳಲ್ಲಿ ಚಾಪೆ ಹೆಣೆಯುವ ಆಪಿನ ಹುಲ್ಲು ಕೊಯ್ದ ಗಾಯದ ಗುರುತುಗಳು.

“ಅದೇನೋ ಮಧ್ಯಾಹ್ನ ಓದಿದ್ರಂತಲ್ಲ ಯಜಮಾನ್ರೆ,” ಅಂದಳು. “ಏನಂದ್ರು ಅಂತ ಕೇಳ್ಕೊಂಡೋಗಾನ ಅಂತ ಬಂದೆ. ನಮ್ದರಲ್ಲಿ ಕೇಳಂಗಿಲ್ಲ ನೋಡಿ.”

ಹೇಳಿದೆ. ದೇವೀರಮ್ಮನವರು ಇಳಿದರು ಅಂದೆ. ಹೇಗೆ, ಯಾಕೆ ಅಂತ ಅವಳು ಕೇಳಲಿಲ್ಲ. ಎಷ್ಟು ಕೊಡ ಅಂತಲೂ ಕೇಳಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ಚಿನ್ನತಾಯಿಯ ಕಡೆ ತಿರುಗಿದಳು.

“ನಮ್ ಜಾಗ ಬಂದಿರೋದು ನಿನ್ಗೇನವ್ವ?”

ಮುದುಕಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು.

“ಮಕ್ಳು ಬೆಳಗ್ಗೆಯಿಂದ ಉಂಡಿಲ್ಲ,” ಅಂದಳು. “ಹೋಗಿ ಅನ್ನಕ್ಕಿಡ್ಲಾ? ಇಲ್ಲ, ಈಗ್ಲೇ ಗುಡಿಸ್ಲು ಕೀಳ್ಬೇಕಾ?”

ಉತ್ತರ ಹೇಳಬೇಕಾದವನು ನಾನು, ಊರು ನೇಮಿಸಿದ ಎಣಿಕೆಯವನು. ಆದರೆ ಚಿನ್ನತಾಯಿ ಜಗಲಿಯಿಂದ ಇಳಿದು ಅವಳ ಎದುರಿಗೆ ನಿಂತಳು.

“ಇವತ್ತು ಅನ್ನ ಮಾಡಜ್ಜಿ,” ಅಂದಳು.

ಮುದುಕಿ ತಲೆಯಾಡಿಸಿದಳು. ನಾಳೆ ಏನು ಮಾಡಲಿ ಅಂತ ಅವಳು ಕೇಳಲಿಲ್ಲ, ನಮ್ಮಲ್ಲೂ ಯಾರೂ ಹೇಳಲಿಲ್ಲ.